ತೃಣಖಂಡಖಾದ್ಯ: ಬಾಯಾರಿನ ಬೋಳು ಲಾನಿನ ಕುರಿತು ಶಾಸ್ತ್ರಾರ್ಥ

ಯಾವ ಶಾಸ್ತ್ರಕ್ಕೇ ಆಗಲಿ ಮೊದಲಿಗೆ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಬೇಕೆಂದು ಹಿರಿಯರ ಕಟ್ಟಳೆ. ಇಲ್ಲಿ ವಿಷಯ: ಮಂಜೇಶ್ವರ ತಾಲೂಕಿನ ಬಾಯಾರಿನಲ್ಲಿ ತಾರಸಿ ಮನೆಯೊಂದರ ಮುಂದೆ ಅಲ್ಲಲ್ಲಿ ಹಸಿರು, ಅಲ್ಲಲ್ಲಿ ಕೆಂಪು, ನಡುನಡುವೆ ನಾಚಿಕೆಮುಳ್ಳು ಎಂಬ ಅವಸ್ಥೆಗೆ ಬಂದು ನಿಂತ ಲಾನು. ಅಧಿಕಾರಿ: ಅದಕ್ಕೆ ದುಡ್ಡು ಸುರಿದ ಯಜಮಾನ. ಸಂಬಂಧ: ಅವನಿಗೂ ಹುಲ್ಲಿಗೂ ಈಗ ಮಾತುಕತೆ ಇಲ್ಲ. ಪ್ರಯೋಜನ: ದನ ಇದ್ದವರಿಗೆ ಮಾತ್ರ.

ಇನ್ನು ಪೂರ್ವಪಕ್ಷ. ತೃಣವಾದಿಗಳು ಹೇಳುವುದೇನೆಂದರೆ, ಮನೆಯ ಮುಂದೆ ಕತ್ತರಿಸಿದ ಹುಲ್ಲಿರುವುದು ಘನತೆಯ ಲಕ್ಷಣ; ಇಂಗ್ಲೆಂಡಿನ ಜಮೀನ್ದಾರರು ಹಾಗೆಯೇ ಬಾಳಿದ್ದಾರೆ. ನಿಜ. ಉಳುವ ನೆಲವನ್ನು ಉಳದೆ ಬಿಡುವಷ್ಟು ಅನುಕೂಲ ನನಗಿದೆ ಎಂದು ಊರಿಗೆ ತೋರಿಸಲು ಅವರಿಗೆ ಲಾನು ಬೇಕಿತ್ತು. ಕುರಿಗಳೂ ಕುಡುಗೋಲಿನ ಆಳುಗಳೂ ಮಾಡುತ್ತಿದ್ದ ಕೆಲಸಕ್ಕೆ 1830ರಲ್ಲಿ ಎಡ್ವಿನ್ ಬಡ್ಡಿಂಗ್ ಯಂತ್ರ ಕಂಡುಹಿಡಿದ. ಉಣ್ಣೆ ಬಟ್ಟೆಯ ಜುಂಗು ಕತ್ತರಿಸುವ ಗಿರಣಿ ಯಂತ್ರ ನೋಡಿ ಅವನಿಗೆ ಇದು ಹೊಳೆಯಿತಂತೆ. ಅಲ್ಲಿಂದ ಲಾನು ಮಧ್ಯಮ ವರ್ಗದವರ ಕೈಗೂ ಎಟುಕಿತು. ಬಾಯಾರಿಗೆ ಅದು ಯಾವ ದಾರಿಯಲ್ಲಿ ಬಂತು ಎಂಬಲ್ಲಿ ಪಕ್ಷಭೇದವಿದೆ: ಗಲ್ಫಿನಿಂದ ಎಂದು ಕೆಲವರು, ಬೆಂಗಳೂರಿನ ಲೇಔಟುಗಳಿಂದ ಎಂದು ಕೆಲವರು. ಉಪ್ಪಳದ ದಾರಿಯಾಗಿ ಟೆಂಪೋದಲ್ಲಿ ಬಂತೆಂಬುದರಲ್ಲಿ ಮಾತ್ರ ಎಲ್ಲರೂ ಒಮ್ಮತ.

ಸಿದ್ಧಾಂತಿ ಉತ್ತರಿಸುತ್ತಾನೆ: ಈ ಸೀಮೆಯಲ್ಲಿ ಘನತೆಯ ಲಕ್ಷಣ ತೃಣವಲ್ಲ, ತೃಣಾಭಾವ. ಮಳೆ ಬಿಟ್ಟು ನೆಲ ಬಿರುಸಾಗುವ ಮೊದಲೇ ಹಾರೆ ಹಿಡಿದು ಅಂಗಳ ಕೆತ್ತಿ, ಮಣ್ಣು ಹಾಕಿ, ನೀರು ಚಿಮುಕಿಸಿ, ಮರದ ಹಲಗೆಯಲ್ಲಿ ಬಡಿದು ಬಡಿದು ಸಮ ಮಾಡಿ, ಮೇಲೆ ಸೆಗಣಿ ಸಾರಿಸಿದರೆ ಅದಕ್ಕೆ ‘ಅಂಗಳ ಮಾಡುವುದು’ ಎಂದು ಹೆಸರು. ಕೊಯಿದ ಅಡಿಕೆ ನಲವತ್ತು ದಿನದ ಆಸುಪಾಸು ಒಣಗಿ ಚಾಲಿಯಾಗುವುದು ಅದರ ಮೇಲೆ. ಚಪ್ಪರ ಏಳುವುದು, ಎಲೆ ಹಾಕುವುದು, ತಾಳಮದ್ದಳೆಗೆ ಜನ ಕೂರುವುದು ಎಲ್ಲವೂ ಅಲ್ಲೇ. ಹುಲ್ಲಿಗೂ ಮನೆಯಲ್ಲಿ ಸ್ಥಾನವಿತ್ತು, ಆದರೆ ಮಾಡಿನ ಮೇಲೆ: ಗುಡ್ಡದಿಂದ ಕೊಯಿದು ತಂದ ಮುಳಿಹುಲ್ಲು. ತಲೆಯ ಮೇಲಿರಬೇಕಾದದ್ದನ್ನು ಕಾಲಡಿಗೆ ಇಳಿಸಿ ತಾರಸಿ ಹಾಕಿಸಿದವರು, ಈಗ ಅದು ಬೋಳಾಯಿತೆಂದು ಅಳುವುದು ತರ್ಕಕ್ಕೆ ನಿಲ್ಲದು.

ಇದಕ್ಕೆ ಶಬ್ದಪ್ರಮಾಣವೂ ಉಂಟು. ಹೊಸ ಲಾನು ಚಿಗುರಿ ನಳನಳಿಸುತ್ತಿದ್ದ ದಿನ ಮನೆಯ ಅಜ್ಜಿ ಜಗಲಿಗೆ ಬಂದು ನೋಡಿದರು. ಮೊಮ್ಮಗನತ್ತ ತಿರುಗಿ ಬಹಳ ಮರುಕದಿಂದ, “ಅಂಗಳ ಕೆತ್ತುಲೆ ಆಳುಗೊ ಸಿಕ್ಕಿದ್ದವಿಲ್ಲೆಯಾ ಮಾಣಿ?” ಎಂದರು. ಭಾಷ್ಯಕಾರರು ಈ ವಾಕ್ಯಕ್ಕೆ ಟೀಕೆ ಬರೆಯಲು ಹೆದರಿದ್ದಾರೆ.

ಜಲಪ್ರಕರಣ. ಇಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುತ್ತದೆ. ಮುರಕಲ್ಲಿನ ಮೇಲಿನ ತೆಳು ಮಣ್ಣಿಗೆ ನರ್ಸರಿಯವನು ಸೇರಿಸಿದ ಸಾರವೆಲ್ಲ ಆ ನಾಲ್ಕು ತಿಂಗಳಲ್ಲಿ ತೊಳೆದು ತೋಡಿಗೆ ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಜನವರಿಯ ಬಳಿಕ ಆಕಾಶ ನೋಡಿ ಪ್ರಯೋಜನವಿಲ್ಲ. ಆಗ ಯಜಮಾನ ಪೈಪು ಎಳೆಯುತ್ತಾನೆ. ಯಾವ ನೀರು? ಇದೇ ಬಾಯಾರಿನ ಗುಡ್ಡಗಳಲ್ಲಿ ಹಿರಿಯರು ಪಿಕ್ಕಾಸು ಹಿಡಿದು, ದೀಪದ ಬೆಳಕಿನಲ್ಲಿ, ಅಡ್ಡಡ್ಡಕ್ಕೆ ಸುರಂಗ ಕೊರೆದು, ಹನಿಹನಿಯಾಗಿ ಒಸರುವುದನ್ನು ಟಾಂಕಿಗೆ ಇಳಿಸಿ ಕುಡಿದರು, ತೋಟಕ್ಕೆ ಬಿಟ್ಟರು. ಆ ಹನಿಯನ್ನು ಸ್ಪ್ರಿಂಕ್ಲರಿನಲ್ಲಿ ತಿರುಗಿಸಿ ಯಾರೂ ತಿನ್ನದ ಹುಲ್ಲಿಗೆ ಎರಚುವ ಕ್ರಿಯೆಗೆ ಪ್ರಾಯಶ್ಚಿತ್ತ ಯಾವ ಸ್ಮೃತಿಯಲ್ಲೂ ಇಲ್ಲ. ಇಂಥ ಪಾಪವನ್ನು ಸ್ಮೃತಿಕಾರರು ಊಹಿಸಿರಲಿಲ್ಲ.

ಅಂದಹಾಗೆ, ಲಾನು ನೋಡಲೇಬೇಕೆಂದು ಹಟ ಇದ್ದವರು ಜುಲೈಯಲ್ಲಿ ಬಾಯಾರುಪದವಿಗೆ ಹೋಗಲಿ. ಕಲ್ಲಿನ ಮೇಲೆ ಕಣ್ಣು ಹಾಯುವಷ್ಟೂ ಹಸಿರು. ಯಾರೂ ನೆಟ್ಟದ್ದಲ್ಲ. ಬೇಸಗೆಯಲ್ಲಿ ಅದು ಒಣಗಿದರೆ ಯಾರಿಗೂ ಅವಮಾನವಿಲ್ಲ.

ಕಳೆಪ್ರಕರಣವೇ ಈ ಗ್ರಂಥದ ತಿರುಳು. ಪ್ರಸ್ತುತ ಲಾನಿನಿಂದ ಮೊದಲು ಕಿತ್ತದ್ದು ಗರಿಕೆಯನ್ನು. ಬದಲಿಗೆ ನೆಟ್ಟದ್ದು ‘ಮೆಕ್ಸಿಕನ್ ಗ್ರಾಸ್’. ಆ ಹೆಸರಲ್ಲಿ ಸಾಮಾನ್ಯವಾಗಿ ಮಾರುವ ಝೋಯ್ಸಿಯಾದ ತವರು ಪೂರ್ವ ಮತ್ತು ಆಗ್ನೇಯ ಏಷ್ಯಾ. ಮೆಕ್ಸಿಕೋ ಅದಕ್ಕೆ ನಮಗಿಂತಲೂ ದೂರದ ನೆಂಟ. ಅತ್ತ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಜನ ದುಡ್ಡು ಕೊಟ್ಟು ಬಿತ್ತಿಸುವ ‘ಬರ್ಮುಡಾ ಗ್ರಾಸ್’ ಎಂಬುದು ಸಾಕ್ಷಾತ್ ನಮ್ಮ ಗರಿಕೆ. ಆದ್ದರಿಂದ ಚೌತಿಯ ಬೆಳಿಗ್ಗೆ ಲಾನಿರುವ ಮನೆಯವರು ಗರಿಕೆ ಕೇಳಿಕೊಂಡು ಲಾನಿಲ್ಲದ ಮನೆಗೆ ಹೋಗುವ ದೃಶ್ಯ ಕಾಣಸಿಗುತ್ತದೆ. ಉಳಿದ ಕಳೆಗಳಲ್ಲಿ ಒಂದೆಲಗವನ್ನೂ ನೆಲನೆಲ್ಲಿಯನ್ನೂ ಎಣಿಸತಕ್ಕದ್ದು. ಇಡೀ ಲಾನಿನಲ್ಲಿ ತಂಬುಳಿಗೆ ಒದಗುವುದು ಇವು ಮಾತ್ರ. ನಾಚಿಕೆಮುಳ್ಳಿನ ವಿಚಾರ: ಲಾನಿನ ಸ್ಥಿತಿಗೆ ನಾಚಿಕೊಳ್ಳುವುದು ಅದೊಂದೇ.

ಕಳೆನಾಶಕ ಹೊಡೆಯಬಹುದಲ್ಲ ಎಂಬ ಶಂಕೆಗೆ ಶಾಸ್ತ್ರ ತನ್ನ ಅಣಕನ್ನು ಬದಿಗಿಟ್ಟು ಉತ್ತರಿಸುತ್ತದೆ. ಗ್ಲೈಫೋಸೇಟ್ ಮಾರಾಟವನ್ನು ಕೇರಳ ಸರಕಾರ 2019ರಲ್ಲಿ ನಿಷೇಧಿಸಿತು. ಅದಕ್ಕೂ ಹಿಂದೆ, ನೆರೆಯ ಎಣ್ಮಕಜೆಯ ಗೇರು ತೋಪುಗಳ ಮೇಲೆ 2000ದವರೆಗೂ ವರ್ಷವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಸುಪ್ರೀಂ ಕೋರ್ಟು ಆ ಕೀಟನಾಶಕವನ್ನೇ ದೇಶದಾದ್ಯಂತ ತಡೆದದ್ದು 2011ರಲ್ಲಿ. ಹುಲ್ಲಿನ ಚಂದಕ್ಕಾಗಿ ಸ್ಪ್ರೇಯರು ಬೆನ್ನಿಗೇರಿಸುವವನು ಆ ವಿಷಕ್ಕೆ ನರಳಿದ ಊರಿನ ಮನೆಗಳ ಕಡೆ ಒಮ್ಮೆ ಹೋಗಿ ಬರಲಿ.

ಹಾಗಾದರೆ ಜೀರ್ಣೋದ್ಧಾರ ಹೇಗೆ? ಬೋಳಾದ ಜಾಗ ಲಾನಿನ ರೋಗವಲ್ಲ. ಕೆಳಗಿದ್ದ ಅಂಗಳ ತಲೆ ಎತ್ತುತ್ತಿರುವ ಲಕ್ಷಣ. ಅದಕ್ಕೆ ಅಡ್ಡ ಬರಬಾರದು. ಕಾಸರಗೋಡು ಗಿಡ್ಡ ತಳಿಯ ದನ ಒಂದಿದ್ದರೆ ಹಗ್ಗ ಉದ್ದ ಬಿಟ್ಟು ಕಟ್ಟಿ: ಬಡ್ಡಿಂಗನ ಯಂತ್ರ ಹುಲ್ಲು ಕತ್ತರಿಸೀತು, ಸಾರಿಸಲು ಸೆಗಣಿ ಕೊಡದು. ಬೋಳಿನ ಅಂಚನ್ನು ವರ್ಷಕ್ಕಿಷ್ಟೆಂದು ಕೆತ್ತುತ್ತ ಹೋಗಿ, ಅಷ್ಟರಲ್ಲಿ ಅಡಿಕೆ ಹರಡಿ. ಹಸಿ ಹುಲ್ಲಿನ ಮೇಲೆ ಹರಡಿದರೆ ಬೂಸ್ಟು ಬಂದು ದರ ಬೀಳುವುದು. ಆ ಭಯವೇ ಯಜಮಾನನಿಂದ ಮುಂದಿನ ಮೊಳವನ್ನು ಕೆತ್ತಿಸುತ್ತದೆ. ಗರಿಕೆಗೆ ಒಂದು ಮೂಲೆ, ಒಂದೆಲಗಕ್ಕೆ ಬಚ್ಚಲ ನೀರು ಹೋಗುವ ಬದಿ.

ಈ ಗದ್ದಲವೇ ಬೇಡ, ಗೇಟಿನಿಂದ ಮೆಟ್ಟಿಲವರೆಗೆ ಇಂಟರ್‌ಲಾಕ್ ಹಾಕಿಸಿ ಎಂಬ ಮೂರನೆಯ ಮತವೊಂದು ಈಚೆಗೆ ಪ್ರಬಲವಾಗಿದೆ. ಅದನ್ನು ಖಂಡಿಸಲು ನಾವು ಸಿದ್ಧ. ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ, ಬರಿಗಾಲಲ್ಲಿ ಅದರ ಮೇಲೆ ನಿಂತು ವಾದ ಮಂಡಿಸುವ ಪ್ರತಿವಾದಿ ಒಬ್ಬರು ಸಿಕ್ಕಬೇಕಷ್ಟೆ.