ನಮ್ಮಲ್ಲೂ ಇದೆ

ಸಾಂಸ್ಕೃತಿಕ ವಿನಿಮಯಕ್ಕೆ ಹೊರಟ ನಿಯೋಗಿಯನ್ನು ಗುರುತಿಸಲು ಪಾಸ್‌ಪೋರ್ಟ್ ನೋಡಬೇಕಿಲ್ಲ, ಪೆಟ್ಟಿಗೆ ತೆರೆದರೆ ಸಾಕು. ಒಂದು ಮಗ್ಗುಲಲ್ಲಿ ಹಂಚುವುದಕ್ಕೆಂದು ಮೈಸೂರು ಪೇಟ, ಶಾಲು, ಗಂಧದ ಹಾರ. ಇನ್ನೊಂದು ಮಗ್ಗುಲಲ್ಲಿ ಯಾರಿಗೂ ಹಂಚದೆ ತಿನ್ನುವುದಕ್ಕೆಂದು ಚಟ್ನಿಪುಡಿ, ಕೋಡುಬಳೆ, ಹಚ್ಚಿದ ಅವಲಕ್ಕಿ. ಇಂಥವರು ಸ್ಪೇನಿನ ವಾಯವ್ಯ ಮೂಲೆಯ ಗಲಿಸಿಯಾದಲ್ಲಿ, ಅಟ್ಲಾಂಟಿಕ್ ಕಡಲು ನೆಲದೊಳಕ್ಕೆ ಕೈ ಚಾಚಿರುವ ರಿಯಾಸ್ ಬೈಶಾಸ್ ಎಂಬ ವೈನ್ ಸೀಮೆಯಲ್ಲಿ ಬಸ್ಸಿಳಿದರೆ ಮೊದಲ ಮಾತೇ ‘ನಮ್ಮಲ್ಲೂ ಇದೆ.’ ಕಡಲು ನಮ್ಮಲ್ಲೂ ಇದೆ, ಮೀನು ನಮ್ಮಲ್ಲೂ ಇದೆ. ಇಲಿ ಹತ್ತದಂತೆ ಕಲ್ಲುಕಾಲಿನ ಮೇಲೆ ನಿಲ್ಲಿಸಿದ ‘ಓರಿಯೊ’ ಕಂಡರೆ, ಕಣಜ ನಮ್ಮಲ್ಲೂ ಇದೆ. ತಂಡದ ಕಿರಿಯರು ಬೆನ್ನ ಹಿಂದೆ ನಗುತ್ತಾರೆ: ಊರು ಬಿಟ್ಟರೂ ಬಾವಿ ಬಿಡದ ಕಪ್ಪೆ ಎಂದು. ಅವರು ನಗುವ ಜಾಗ ತಪ್ಪು ಎಂಬುದು ನನ್ನ ವಾದ.

ಯಾಕೆಂದರೆ ದ್ರಾಕ್ಷಿತೋಟಕ್ಕೆ ಕಾಲಿಟ್ಟಾಗ ನಿಯೋಗಿ ಹೇಳುವ ಮಾತು ಅಕ್ಷರಶಃ ನಿಜ. ಯುರೋಪಿನ ಬಹಳಷ್ಟು ಕಡೆ ದ್ರಾಕ್ಷಿಯನ್ನು ಸಾಲು ಬೇಲಿಯಂತೆ ಬೆಳೆಸಿದರೆ ಇಲ್ಲಿ ಕಲ್ಲುಕಂಬ ನೆಟ್ಟು, ತಲೆಯ ಮೇಲೆ ಚಪ್ಪರ ಹಬ್ಬಿಸಿ ಅಲ್ಬರಿಞೊ ಎಂಬ ಬಿಳಿ ದ್ರಾಕ್ಷಿ ಬೆಳೆಯುತ್ತಾರೆ. ಹಿಂದಿನವರು ಅದರಡಿಯ ನೆಲವನ್ನೂ ಬಿಡದೆ ಆಲೂಗೆಡ್ಡೆ, ಸೊಪ್ಪು ತೆಗೆಯುತ್ತಿದ್ದರು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ನೀಲಿ ದ್ರಾಕ್ಷಿಯ ತೋಟ ನೋಡಿದವರಿಗೆ ಇದು ಪಕ್ಕದ ಹೊಲವೇ: ಅದೇ ಕಲ್ಲುಕಂಬ, ಅದೇ ತಂತಿ, ಅದೇ ಬಗ್ಗಿದ ಬೆನ್ನು. ಫ್ರಾನ್ಸಿನ ತೋಟಗಳ ಚಿತ್ರ ನೋಡಿ ಬಂದ ಕಿರಿಯನಿಗೆ ಬರೀ ‘ಸುಂದರ’ವಾಗಿ ಕಂಡದ್ದು ನಿಯೋಗಿಗೆ ಚಪ್ಪರವಾಗಿ ಕಂಡಿತು. ಆದರೆ ಅಷ್ಟಕ್ಕೇ ಅವರು ಕನ್ನಡಕ ತೆಗೆದು ಒರೆಸಿಕೊಂಡು ಗ್ರೂಪ್ ಫೋಟೋಗೆ ನಡೆದುಬಿಡುತ್ತಾರೆ. ‘ಯಾಕೆ?’ ಎಂದು ಕೇಳಿದ್ದರೆ ತಿಳಿಯುತ್ತಿತ್ತು: ವರ್ಷಕ್ಕೆ ಸುಮಾರು 1,600 ಮಿ.ಮೀ. ಮಳೆ ಸುರಿಯುವ ಆ ನಾಡಿನಲ್ಲಿ ಗೊಂಚಲನ್ನು ತೇವದಿಂದ ಮೇಲೆತ್ತಿ, ಅಡಿಯಲ್ಲಿ ಗಾಳಿ ಆಡಿಸಿ, ಬೂಜು ಹಿಡಿಯದಂತೆ ಕಾಯಲು ಚಪ್ಪರ. ನಮ್ಮಲ್ಲಾದರೋ ಎಲೆಯ ನೆರಳಿನಲ್ಲಿ ಗೊಂಚಲನ್ನು ಬಿಸಿಲಿನಿಂದ ಕಾಯುವ ಕೆಲಸವೂ ಅದರದೇ. ರೂಪ ಒಂದೇ, ಶತ್ರು ಬೇರೆ. ವಿನಿಮಯ ಅನ್ನುವುದು ನಡೆಯುವುದಾದರೆ ಇಂಥಲ್ಲಿ. ಶಾಲು ಹೊದಿಸುವಲ್ಲಿ ಅಲ್ಲ.

ನಮ್ಮ ನಿಯೋಗಿಯಂಥ ಕುಡಿಯದವರನ್ನು ವೈನ್ ನಾಡಿಗೆ ಕಳಿಸುವುದೇ ದಂಡ ಎನ್ನುವವರಿದ್ದಾರೆ. ರುಚಿ ನೋಡುವ ಕೋಣೆಯ ದೃಶ್ಯ ಅವರ ಪರವಾಗಿಯೇ ಇದೆ. ಅಲ್ಲಿ ಗುಟುಕು ಬಾಯಲ್ಲಿ ಆಡಿಸಿ ಮೇಜಿನ ಮೇಲಿನ ಪಾತ್ರೆಗೆ ಉಗುಳುವುದು ಪದ್ಧತಿ. ನಿಯೋಗಿಗೆ ಧರ್ಮಸಂಕಟ: ನುಂಗಿದರೆ ವ್ರತಭಂಗ, ಹತ್ತು ಜನ ಉಗುಳಿದ ಪಾತ್ರೆಗೆ ಬಾಯಿ ಬಗ್ಗಿಸಿದರೆ ಮಡಿಭಂಗ. ಎಂಜಲಿಗಿಂತ ವೈನೇ ವಾಸಿ ಎಂದು ಶಾಸ್ತ್ರಬದ್ಧವಾಗಿ ತೀರ್ಮಾನಿಸಿ ಅವರು ನುಂಗುತ್ತಾರೆ. ಮರುದಿನದಿಂದ ಸಂಕಟವೂ ಕಡಿಮೆ. ಇಷ್ಟೆಲ್ಲ ನಿಜವಿದ್ದೂ ಆ ಆಕ್ಷೇಪ ನಿಲ್ಲದು. ಗ್ರಾನೈಟ್ ನೆಲ, ಕಡಲ ಗಾಳಿ, ಕೊಯ್ಲಿನ ಕೂಲಿ, 1953ರಿಂದ ಕಂಬಾದೋಸ್ ಪಟ್ಟಣ ನಡೆಸಿಕೊಂಡು ಬಂದ ಅಲ್ಬರಿಞೊ ಜಾತ್ರೆ, ಇವನ್ನೆಲ್ಲ ತಿಳಿಯಲು ನಾಲಗೆ ಬೇಕಿಲ್ಲ. ನಾಲಗೆ ಬೇಕಾಗುವುದು ಪ್ರಶ್ನೆ ಕೇಳುವುದಕ್ಕೆ, ಅದಕ್ಕೆ ಮದ್ಯ ಮುಟ್ಟದ ವ್ರತ ಅಡ್ಡಿಯಲ್ಲ.

ನನ್ನ ನಿಜವಾದ ತಕರಾರು ಬೇರೆ. ನೂರು ಕಡೆ ‘ನಮ್ಮಲ್ಲೂ ಇದೆ’ ಎಂದ ನಿಯೋಗಿ, ಅದನ್ನು ಕೂಗಿ ಹೇಳಬೇಕಾದ ಒಂದು ಕಡೆ ಬಾಯಿ ಬಿಡುವುದಿಲ್ಲ. ಗಲಿಸಿಯಾಕ್ಕೆ ಅದರದೇ ಭಾಷೆಯಿದೆ, ಗಲೇಗೊ, ಪೋರ್ಚುಗೀಸಿಗೆ ಹತ್ತಿರದ್ದು. ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ಕಚೇರಿ, ಶಾಲೆಗಳಿಂದ ಹೊರಗುಳಿದು ಮನೆ, ಹೊಲಗಳಲ್ಲಿ ಉಸಿರು ಹಿಡಿದಿದ್ದ ನುಡಿ ಅದು. ರೊಸಾಲಿಯಾ ದೆ ಕಾಸ್ತ್ರೊ ಆ ಭಾಷೆಯಲ್ಲಿ ಕವನಸಂಕಲನ ತಂದದ್ದು 1863ರಲ್ಲಿ. ಅದರ ನೂರನೆಯ ವರ್ಷವಾದ 1963ರಿಂದ ಪ್ರತಿ ಮೇ 17ರಂದು ಒಬ್ಬ ಲೇಖಕರ ಹೆಸರಿನಲ್ಲಿ ಅಲ್ಲಿ ಸಾಹಿತ್ಯದ ಹಬ್ಬ. ನವೆಂಬರ್ ಒಂದಕ್ಕೆ ಕೆಂಪು ಹಳದಿ ಶಲ್ಯ ಹೊದೆಯುವ, ಬ್ಯಾಂಕಿನ ಚಲನ್ ಕನ್ನಡದಲ್ಲಿಲ್ಲವೆಂದು ಮ್ಯಾನೇಜರನ ಮೇಜು ಕುಟ್ಟುವ ಮನುಷ್ಯನಿಗೆ ಇದಕ್ಕಿಂತ ಹತ್ತಿರದ ನೆಂಟರು ಸಿಗುವುದುಂಟೆ? ಆದರೆ ಭಾಷೆ ಕಲ್ಲುಕಂಬದಂತೆ ಕಣ್ಣಿಗೆ ಕಾಣುವುದಿಲ್ಲ. ತೋಟದ ಮುದುಕ ಗಲೇಗೊದಲ್ಲಿ ಆಡಿದ್ದನ್ನು ದುಭಾಷಿ ಇಂಗ್ಲಿಷಿಗೆ ಇಳಿಸುತ್ತಾನೆ, ನಿಯೋಗಿ ಇಂಗ್ಲಿಷಿನಲ್ಲೇ ತಲೆದೂಗುತ್ತಾರೆ, ಮುದುಕನ ತಲೆಗೆ ಮೈಸೂರು ಪೇಟ ಏರುತ್ತದೆ, ಚಪ್ಪಾಳೆ. ಊರಿಗೆ ಮರಳಿ ಅವರು ಅಚ್ಚ ಕನ್ನಡದಲ್ಲಿ ಬರೆದೊಪ್ಪಿಸುವ ಪ್ರವಾಸ ವರದಿಯಲ್ಲಿ ಹವಾಮಾನ, ಊಟ, ನಾಣ್ಯಗಳ ಕೆಳಗೆ ಇನ್ನೊಂದು ಸಾಲಿರುತ್ತದೆ: ‘ಸ್ಥಳೀಯ ಭಾಷೆ: ಸ್ಪ್ಯಾನಿಷ್.’