ಮಂಡ್ಯಗೆ ಹೊರಟ ಬಸ್ಸು: ತರ್ಕ-ತೋರ್ಕೆ ಮಡಿಮೀಮಾಂಸೆ

ಅಧ್ಯಾಯ 1: ವ್ಯಾಪ್ತಿ ಮತ್ತು ಪರಿಪ್ರೇಕ್ಷ್ಯ

ವೆಬ್ ಚೌಕಟ್ಟುಗಳೆಂಬ ಆವರಣದಲ್ಲಿ ಅನ್ವಯ-ತರ್ಕಕ್ಕೂ ದೃಶ್ಯ-ತೋರ್ಕೆಗೂ ಪಾಲಿಸಬೇಕಾದ ಅಂತರದ ತಾತ್ತ್ವಿಕ, ವ್ಯಾವಹಾರಿಕ ಹಾಗೂ ಸಾಂಸ್ಥಿಕ ನೆಲೆಗಳನ್ನು ಶೋಧಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಇದನ್ನೇ ಸರಳವಾಗಿಯೂ ಹೇಳಬಹುದಿತ್ತು. ಆದರೆ ಸರಳವಾಗಿ ಹೇಳಿ ಆರ್ಕಿಟೆಕ್ಟ್ ಪದವಿಗೇರಿದವರು ಈ ಲೇಖಕನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಮೂಲಸೂತ್ರವಿಷ್ಟು: ಒಲೆ ಮುಟ್ಟಿದವರು ಎಲೆ ಮುಟ್ಟಬಾರದು, ಎಲೆ ಮುಟ್ಟಿದವರು ಒಲೆ ಮುಟ್ಟಬಾರದು. ಟಿಕೆಟ್ ದರ ಎಷ್ಟು, ಯಾವ ಸೀಟು ಖಾಲಿ ಎಂಬುದೆಲ್ಲ ಒಲೆಯ ಕಡೆ. ಅದನ್ನು ಯಾವ ಬಣ್ಣದಲ್ಲಿ, ಯಾವ ಮೂಲೆಯಲ್ಲಿ ತೋರಿಸಬೇಕು ಎಂಬುದು ಎಲೆಯ ಕಡೆ. ನಡುವಿನ ಬಾಗಿಲಲ್ಲಿ ಕಂಟ್ರೋಲರ್ ಎಂಬ ಒಬ್ಬರು ಒದ್ದೆಬಟ್ಟೆ ಉಟ್ಟು ನಿಂತಿರುತ್ತಾರೆ.

ಅಧ್ಯಾಯ 2: ಮೈಲಿಗೆಯ ಪಂಚವಿಧ ವರ್ಗೀಕರಣ

(ಅ) ಸಂಸ್ಪರ್ಶಮೈಲಿಗೆ. ಪುಟದ ನಡುವೆಯೇ ಡೇಟಾಬೇಸಿಗೆ ಕೈ ಹಾಕುವುದು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ಪುಟಕ್ಕೆಂದು ಮಾಡಿಕೊಂಡಿದ್ದ ಪಿಎಚ್‌ಪಿ ಉಪಕರಣಗಳನ್ನು ಲೋಕಕ್ಕೆ ಹಂಚಿದ ಮೇಲೆ ಈ ಮೈಲಿಗೆ ಸಾರ್ವತ್ರಿಕವಾಯಿತು. ಪಿಎಚ್‌ಪಿ ಹುಟ್ಟಿದ್ದೇ ಹೆಚ್ಚುಕಡಿಮೆ ಟೆಂಪ್ಲೇಟಾಗಿ. ಶುದ್ಧಿಗೋಸ್ಕರ ಅದರ ಮೇಲೆ ಸ್ಮಾರ್ಟಿ ಎಂಬ ಇನ್ನೊಂದು ಟೆಂಪ್ಲೇಟು ಹೊದಿಸಿದರು. ಕೊಡೆಗೆ ಮಳೆ ತಾಗದಿರಲೆಂದು ಕೊಡೆ ಹಿಡಿದ ಹಾಗೆ.

(ಆ) ಷರತ್ತುಮೈಲಿಗೆ. ಟೆಂಪ್ಲೇಟಿನಲ್ಲಿ ಒಂದು ‘ಇಫ್’ ಕಾಣಿಸಿಕೊಳ್ಳುವುದು. ಇದರಲ್ಲಿ ಮೂರು ಉಪಭೇದ: ಸಹ್ಯ, ಅಸಹ್ಯ, ಮತ್ತು ಶುಕ್ರವಾರ ಸಂಜೆಯ ರಿಲೀಸಿನಲ್ಲಿ ಸಹ್ಯ.

(ಇ), (ಈ), (ಉ) ಎಂದು ಇನ್ನೂ ಮೂರು ವಿಧ ಬರೆದಿದ್ದೆ. ಓದಿದಾಗ ನನಗೇ ಆಕಳಿಕೆ ಬಂತು, ಕೈಬಿಟ್ಟೆ.

ಅಧ್ಯಾಯ 4: ಮೂಲಪುರುಷ ಮತ್ತು ಮತಾಂತರಗಳು (3ನೆಯ ಅಧ್ಯಾಯ ರಿವ್ಯೂಗೆ ಹೋಗಿದೆ, ಬಂದಿಲ್ಲ)

ಈ ಪಂಥದ ಮೂಲಪುರುಷ ನಾರ್ವೆಯ ಟ್ರಿಗ್ವೆ ರೀನ್ಸ್‌ಕೌಗ್. ಹಡಗು ಕಟ್ಟುವವರಿಗೆ ತಂತ್ರಾಂಶ ಬರೆಯುತ್ತಿದ್ದವರು 1978-79ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಪಾರ್ಕ್‌ನಲ್ಲಿ ಕೂತು ಮಾಡೆಲ್, ವ್ಯೂ, ಕಂಟ್ರೋಲರ್ ಎಂಬ ಮೂರನ್ನು ಗುರುತಿಸಿದರು. ಅವರ ಕಾಳಜಿ ಮನುಷ್ಯನದು. ಬಳಸುವವನ ತಲೆಯಲ್ಲಿರುವ ಚಿತ್ರಕ್ಕೂ ಯಂತ್ರದೊಳಗಿನ ಲೆಕ್ಕಕ್ಕೂ ನಡುವೆ ಇರುವ ಕಂದಕಕ್ಕೆ ಅವರು ಹಾಕಹೊರಟಿದ್ದು ಸೇತುವೆ. ಶಿಷ್ಯರು ಅದೇ ಕಲ್ಲು ತಂದು ಗೋಡೆ ಕಟ್ಟಿದರು.

ಆಮೇಲೆ ಮತಗಳೊಡೆದವು. ಅಮೆರಿಕದ ಕಾನ್ಸಾಸಿನ ಒಂದು ಪತ್ರಿಕಾ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಹೊರಬಂದ ಜಾಂಗೋ, ಉಳಿದವರು ಕಂಟ್ರೋಲರ್ ಎನ್ನುವುದನ್ನು ವ್ಯೂ ಎಂದಿತು, ವ್ಯೂ ಎನ್ನುವುದನ್ನು ಟೆಂಪ್ಲೇಟ್ ಎಂದಿತು. ಅತ್ತೆಯನ್ನು ಸೊಸೆ ಎಂದು ಕರೆದು, ಸೊಸೆಗೆ ಇನ್ನೊಂದು ಹೆಸರಿಟ್ಟ ಸಂಸಾರ ಇದು. ಆದರೂ ನೆಟ್ಟಗೆ ನಡೆದಿದೆ ಎನ್ನುವುದನ್ನು ಒಪ್ಪಬೇಕು. ಅದೇ ವರ್ಷ ಮೈಕ್ರೋಸಾಫ್ಟಿನಿಂದ ಎಂವಿವಿಎಂ ಎಂಬ ಇನ್ನೊಂದು ಮತ ಬಂತು. 2013ರಲ್ಲಿ ರಿಯಾಕ್ಟ್ ಬಂದು ಜಾವಾಸ್ಕ್ರಿಪ್ಟಿನ ಹೊಟ್ಟೆಯೊಳಗೇ ಎಚ್‌ಟಿಎಂಎಲ್ ಬರೆದಾಗ ಶಿವ ಶಿವಾ ಎಂದು ಕಿವಿ ಮುಚ್ಚಿಕೊಂಡ ಆಚಾರ್ಯರೇ ಮುಂದೆ ಅದರ ದೀಕ್ಷೆ ಕೊಡತೊಡಗಿದರು. 2023ರಲ್ಲಿ ನೆಕ್ಸ್ಟ್‌ ಜೆಎಸ್‌ನ ವೇದಿಕೆಯ ಮೇಲೆ ಗುಂಡಿಯೊಂದರ ಒಳಗೆ ನೇರ ಎಸ್‌ಕ್ಯೂಎಲ್ ಬರೆದು ತೋರಿಸಿದ ದಿನ, ಇಪ್ಪತ್ತೆಂಟು ವರ್ಷ ಪಂಕ್ತಿಯ ಹೊರಗೆ ಕೂತಿದ್ದ ಪಿಎಚ್‌ಪಿ ಮಂದಿ ಮನಸಾರೆ ನಕ್ಕರು.

ಆದರೆ ನಿಜವಾದ ಧರ್ಮಶಾಸ್ತ್ರ ಬೇಕೆಂದರೆ ಟೆರೆನ್ಸ್ ಪಾರ್ ಅವರ 2004ರ ಪ್ರಬಂಧ ನೋಡಬೇಕು. ಟೆಂಪ್ಲೇಟು ಪಾಲಿಸಬೇಕಾದ ಐದು ನಿಯಮಗಳಲ್ಲಿ ಎರಡನ್ನಷ್ಟೇ ಇಲ್ಲಿ ಎತ್ತಿಕೊಳ್ಳುತ್ತೇನೆ. ತನಗೆ ಬಂದ ಮಾಹಿತಿಯ ಮೇಲೆ ವ್ಯೂ ಯಾವ ಗಣನೆಯನ್ನೂ ಮಾಡಕೂಡದು. ಮಾಡೆಲ್ಲಿನಿಂದ ಬರುವ ಮಾಹಿತಿಯಲ್ಲಿ ತೋರ್ಕೆಯ ವಿವರ ಇರಕೂಡದು. ಎರಡೂ ಒಳ್ಳೆಯ ನಿಯಮಗಳೇ, ವ್ಯಂಗ್ಯವಿಲ್ಲದೆ ಹೇಳುತ್ತಿದ್ದೇನೆ. ಸಾವಿರಾರು ಸಾಲಿನ ಕಲಸುಮೇಲೋಗರದಲ್ಲಿ ಒಂದು ದರ ಬದಲಿಸಲು ರಾತ್ರಿಯಿಡೀ ಕೂತವನಿಗೆ ಇವುಗಳ ಬೆಲೆ ಗೊತ್ತು. ನಾನೂ ಕೂತಿದ್ದೇನೆ.

ಅಧ್ಯಾಯ 5: ಪ್ರಾಯೋಗಿಕ ಅಧ್ಯಯನ

ಬಸ್ ಟಿಕೆಟ್ ಕೊಡುವ ಒಂದು ತಾಣ. ಹೆಸರು ಬೇಡ. ಕನ್ನಡ ಆವೃತ್ತಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷ್ ಟೆಂಪ್ಲೇಟಿನಲ್ಲಿ ‘ಟು’ ಪದದ ಪಕ್ಕ ಊರಿನ ಹೆಸರಿಗೊಂದು ಖಾಲಿ ಜಾಗ ಬಿಟ್ಟಿದ್ದರು. ಯಾವ ಊರು ಬಂದು ಕೂತರೂ ವಾಕ್ಯ ಅಲುಗುವುದಿಲ್ಲ. ಕನ್ನಡದಲ್ಲಿ ಖಾಲಿ ಜಾಗದ ಮುಂದೆ ‘ಗೆ’ ಅಂಟಿಸಿದ್ದರು. ಹುಬ್ಬಳ್ಳಿಗೆ, ಮಡಿಕೇರಿಗೆ: ಇವರು ಬಚಾವಾದರು. ಮೈಸೂರುಗೆ, ಹಾಸನಗೆ, ಮಂಡ್ಯಗೆ: ಇವರು ಕೆಟ್ಟರು. ಮೇಲಿಂದ ‘1 ಬಸ್ಸುಗಳು ಲಭ್ಯವಿದೆ’.

ನಾನೊಂದು ಪುಟ್ಟ ಫಂಕ್ಷನ್ ಬರೆದೆ. ಹೆಸರು ಉಕಾರದಲ್ಲಿ ಮುಗಿದರೆ ‘ಇಗೆ’, ಅಕಾರದಲ್ಲಿ ಮುಗಿದ ಊರಾದರೆ ‘ಕ್ಕೆ’, ಅಕಾರದಲ್ಲಿ ಮುಗಿದ ಮನುಷ್ಯನಾದರೆ ‘ನಿಗೆ’. ಮಂಡ್ಯಕ್ಕೆ ಹೋಗಬಹುದು, ರಾಮಕ್ಕೆ ಹೋಗಲಾಗದು. ಅಂದರೆ ಪ್ರತ್ಯಯ ಹತ್ತಿಸುವ ಮೊದಲು ಇದು ಊರೋ ಮನುಷ್ಯನೋ ಎಂದು ಯಂತ್ರಕ್ಕೆ ತಿಳಿದಿರಬೇಕು.

ಫಂಕ್ಷನ್ನನ್ನು ಟೆಂಪ್ಲೇಟಿನ ಬಳಿ ಇಟ್ಟೆ. “ವ್ಯೂನಲ್ಲಿ ಲಾಜಿಕ್ ಬಂತು, ತೆಗೀರಿ” ಎಂದರು ತಂಡದವರು. ಮಾಡೆಲ್ಲಿನೊಳಗೆ ಇಟ್ಟೆ. “ಇದು ಡಿಸ್ಪ್ಲೇ ವಿಷಯ, ಇಲ್ಲಿ ಯಾಕೆ?” ಎಂದರು. ಕಂಟ್ರೋಲರಿನ ಬಾಗಿಲಿಗೆ ಹೋದೆ. “ಕಂಟ್ರೋಲರ್ ತೆಳ್ಳಗಿರಬೇಕು” ಎಂದರು. ಚತುರ್ಥೀ ವಿಭಕ್ತಿ ಮೂರು ವಾರ ತ್ರಿಶಂಕುವಿನ ಹಾಗೆ ತೂಗಾಡಿತು. ಈ ಮೂರು ವಾರದಲ್ಲಿ ನಡೆದ ಮೀಟಿಂಗುಗಳಲ್ಲಿ ಕನ್ಸರ್ನ್ ಎಂಬ ಪದ ಎಷ್ಟು ಬಾರಿ ಕೇಳಿದೆನೋ! ಮಂಡ್ಯದವನು ಓದಿ ಏನಂದುಕೊಳ್ಳುತ್ತಾನೆ ಎಂಬುದು ಮಾತ್ರ ಯಾರ ಕನ್ಸರ್ನೂ ಆಗಲಿಲ್ಲ.

ಇಲ್ಲಿ ಪ್ರಬಂಧದ ಗಾಂಭೀರ್ಯ ಸ್ವಲ್ಪ ಸಡಿಲವಾಗುತ್ತಿದೆ, ಆಗಲಿ. ಇವರು ತರ್ಕ-ತೋರ್ಕೆ ಎಂದು ಗೆರೆ ಎಳೆಯುವಾಗ ಭಾಷೆಯನ್ನು ಯಾವ ಕಡೆಗಿಟ್ಟರು? ಬಣ್ಣದ ಕಡೆಗೆ. ಕನ್ನಡ ಅಂದರೆ ಕೊನೆಯಲ್ಲಿ ಬಳಿಯುವ ಸುಣ್ಣ. ಇಂಗ್ಲಿಷಿನ ವಾಕ್ಯದ ಅಸ್ಥಿಪಂಜರ ಹಾಗೇ ಇರುತ್ತದೆ, ಮೇಲೆ ನಮ್ಮ ಅಕ್ಷರದ ಚರ್ಮ. ಕೇಶಿರಾಜ 13ನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದಾಗ ಎಂಟು ಪ್ರಕರಣಗಳಲ್ಲಿ ಮೊದಲನೆಯದಾಗಿ ಸಂಧಿಯನ್ನೇ ಎತ್ತಿಕೊಂಡ. ಎರಡು ಕೂಡುವ ಜಾಗದಲ್ಲೇ ಈ ಭಾಷೆಯ ಜೀವ ಇದೆ. ಕೂಡುವ ಜಾಗವನ್ನೇ ಮೈಲಿಗೆ ಎಂದವರ ಚೌಕಟ್ಟಿನಲ್ಲಿ ಅದು ಎಲ್ಲಿ ಕೂರಬೇಕು?

ಕೊನೆಗೆ ಅವರೇ ಪರಿಹಾರ ಸೂಚಿಸಿದರು. ವಾಕ್ಯವೇ ಬೇಡ. ‘ಇಂದ: ಬೆಂಗಳೂರು. ಗೆ: ಮಂಡ್ಯ.’ ಎಲ್ಲ ಪದರಗಳೂ ಶುದ್ಧವಾದವು. ಪ್ರತ್ಯಯಗಳು ಮಾತ್ರ ತಬ್ಬಲಿಗಳಾಗಿ ಪರದೆಯ ಎಡಬದಿಯಲ್ಲಿ ನಿಂತಿವೆ, ನೋಡಿದಾಗೆಲ್ಲ ಕರುಳು ಚುರಕ್ಕೆನ್ನುತ್ತದೆ.

ಅನುಬಂಧ

ಅದೇ ತಾಣದಲ್ಲಿ ಗುಂಡಿಯ ಎತ್ತರವನ್ನು ಇಂಗ್ಲಿಷ್ ಅಕ್ಷರದ ಅಳತೆಗೆ ಕಟ್ಟಿ, ಹೊರಚಾಚಿದ್ದನ್ನು ಕತ್ತರಿಸು ಎಂದು ಸಿಎಸ್‌ಎಸ್‌ನಲ್ಲಿ ಬರೆದಿದ್ದಾರೆ. ಒತ್ತಕ್ಷರಗಳು ಕೆಳಗೆ ಜೋತುಬೀಳುವಂಥವು. ಹೀಗಾಗಿ ಹುಬ್ಬಳ್ಳಿ ‘ಹುಬಳಿ’ ಆಗಿದೆ, ಚನ್ನಪಟ್ಟಣ ‘ಚನಪಟಣ’ ಆಗಿದೆ. ವಿಭಕ್ತಿಯಲ್ಲಿ ಬಚಾವಾಗಿದ್ದ ಹುಬ್ಬಳ್ಳಿಯವರೂ ಇಲ್ಲಿ ಸಿಕ್ಕಿಬಿದ್ದರು. ಚಿತ್ರ ಸಮೇತ ಬಗ್ ದಾಖಲಿಸಿದೆ. ಇದರಲ್ಲಿ ತರ್ಕದ ಸೋಂಕು ಲವಲೇಶವೂ ಇಲ್ಲ, ಅಪ್ಪಟ ತೋರ್ಕೆ ಎಂದು ಎಲ್ಲರೂ ಒಮ್ಮತದಿಂದ ಒಪ್ಪಿದರು. ಒಪ್ಪಿ, ‘ಕಾಸ್ಮೆಟಿಕ್’ ಎಂದು ಚೀಟಿ ಅಂಟಿಸಿ ಪಟ್ಟಿಯ ತಳಕ್ಕೆ ಹಾಕಿದ್ದಾರೆ. ಮೊನ್ನೆ ನೋಡಿದೆ, ಅಲ್ಲೇ ಇದೆ.