ಬೇಡ ಎನ್ನಲಾರದ ನೆಂಟ

ಮದುವೆಮನೆಯ ಪಂಕ್ತಿಯಲ್ಲಿ ಪಾಯಸದವನು ಮೂರನೆಯ ಸಲ ಬಂದಾಗ ಉಣ್ಣುವವನಿಗಿರುವ ರಕ್ಷಣೆ ಒಂದೇ: ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದು ‘ಸಾಕು, ಸಾಕು’ ಎನ್ನುವುದು. ಮನೆಯೊಳಗಿನ ಕುಂಡದ ಗಿಡಕ್ಕೆ ಎಲೆಗಳೇನೋ ಬೇಕಾದಷ್ಟಿವೆ. ಅಡ್ಡ ಹಿಡಿಯಲು ಕೈಯಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಹಡಿಗೊಬ್ಬರಂತೆ ಕಾಣಸಿಗುವ ಸಸ್ಯವತ್ಸಲರ ಸ್ವಭಾವ ತಿಳಿಯಬೇಕಾದರೆ ಇಲ್ಲಿಂದಲೇ ಶುರು ಮಾಡಬೇಕು. ಅವರಿಗೆ ತೋಟಗಾರಿಕೆಯ ಹುಚ್ಚು ಎಂದು ನೆರೆಹೊರೆಯವರು ತಿಳಿದಿದ್ದಾರೆ. ತೋಟಗಾರನಿಗೆ ಗಿಡ ಕೆಲಸದಾಳು: ಹೂ ಬಿಡಬೇಕು, ಕಾಯಿ ಕೊಡಬೇಕು, ತಪ್ಪಿದರೆ ಕತ್ತರಿ. ಸಸ್ಯವತ್ಸಲರಿಗೋ ಗಿಡ ಮನೆಗೆ ಬಂದ ನೆಂಟ. ಅವರು ನಡೆಸುವುದು ಉಪಚಾರ. ಅವರ ಮನೆಯಲ್ಲಿ ಸಾಯುವ ಗಿಡಗಳಲ್ಲಿ ಬಹುಪಾಲು ಈ ಉಪಚಾರದಿಂದಲೇ ಸಾಯುತ್ತವೆ ಎಂಬುದು ನನ್ನ ವಾದ.

ಸಾಕ್ಷಿ ಬೇಕಾದವರು ಬೆಳಗಿನ ಏಳು ಗಂಟೆಗೆ ಅವರನ್ನು ನೋಡಬೇಕು. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಚೊಂಬು. ತಾವು ಕುಡಿಯುತ್ತ ಎದುರಿಗಿದ್ದವರಿಗೆ ಕೊಡದಿರುವುದು ನಮ್ಮ ಕಡೆಯ ಪದ್ಧತಿಯಲ್ಲ. ಟಿವಿ ಪಕ್ಕದ ಸ್ನೇಕ್ ಪ್ಲಾಂಟಿಗೆ ಎರಡು ಗುಟುಕು, ಚಪ್ಪಲಿ ಗೂಡಿನ ಮೇಲಿನ ಝೀಝೀ ಗಿಡಕ್ಕೆ ಎರಡು ಗುಟುಕು, ‘ಇವಳು ಯಾಕೋ ಸಪ್ಪಗಿದ್ದಾಳೆ’ ಎಂದು ಪೀಸ್ ಲಿಲ್ಲಿಗೆ ನಾಲ್ಕು. ಸಂಜೆ ಆಫೀಸಿನಿಂದ ಬಂದ ಯಜಮಾನರು, ಹೆಂಡತಿ ಮರೆತಿರಬಹುದೆಂಬ ಅನುಮಾನದಲ್ಲಿ, ಇನ್ನೊಂದು ಸುತ್ತು. ರಾತ್ರಿ ಅಕ್ಕಿ ತೊಳೆದ ನೀರು ಚೆಲ್ಲಲು ಮನಸ್ಸಾಗದ ಅತ್ತೆಯದು ಮೂರನೆಯ ಸುತ್ತು. ಅದು ಸಾರವೂ ಹೌದು, ಉಳಿತಾಯವೂ ಹೌದು. ಮೂವರೂ ಒಬ್ಬರಿಗೊಬ್ಬರು ಹೇಳುವುದಿಲ್ಲ. ಇಷ್ಟೂ ನೀರು ಇಳಿಯುವುದು ತಳದಲ್ಲಿ ತೂತೇ ಇಲ್ಲದ ಬಿಳಿ ಪಿಂಗಾಣಿ ಕುಂಡಕ್ಕೆ. ತೂತಿದ್ದರೆ ಟೈಲ್ಸ್ ಮೇಲೆ ಕಲೆಯಾಗುತ್ತದಲ್ಲ!

ಆಮೇಲಿನದು ಸರಳ ಸಸ್ಯಶಾಸ್ತ್ರ. ಬೇರೂ ಉಸಿರಾಡುತ್ತದೆ; ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಸಂದುಗಳಲ್ಲೆಲ್ಲ ನೀರು ನಿಂತರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು, ಹೀರದಿದ್ದರೆ ಎಲೆ ಬಾಡುತ್ತದೆ. ಎಡವಟ್ಟಾಗುವುದು ಇಲ್ಲೇ. ಬಾಯಾರಿದ ಗಿಡವೂ ಹೀಗೆಯೇ ಜೋಲುತ್ತದೆ. ಹಸಿದವನೂ ಹೊಟ್ಟೆ ಬಿರಿಯ ಉಂಡವನೂ ಒಂದೇ ಭಂಗಿಯಲ್ಲಿ ಗೋಡೆಗೊರಗಿ ಕೂತರೆ ನೋಡಿದವರಿಗೆ ಹೇಗೆ ಗೊತ್ತಾಗಬೇಕು? ಗೊತ್ತುಮಾಡಿಕೊಳ್ಳುವ ಉಪಾಯವೇನೋ ಇದೆ: ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಊರಿ ನೋಡುವುದು. ಕೋಕೋಪೀಟ್ ಮೇಲೆ ಒಣಗಿ ಕಂಡರೂ ಒಳಗೆ ಒದ್ದೆ ಬಟ್ಟೆಯಂತಿರುತ್ತದೆ. ಆದರೆ ನೆಂಟರ ಹೊಟ್ಟೆ ಮುಟ್ಟಿ ನೋಡಿ ಬಡಿಸುವವರುಂಟೇ? ‘ಅಯ್ಯೋ, ಬಾಡಿಹೋಗಿದೆ’ ಎಂದು ಇನ್ನೊಂದು ಚೊಂಬು.

ಬೆಳಕಿನ ಲೆಕ್ಕವೂ ಇದಕ್ಕೆ ಸೇರಬೇಕು. ನಡುಹಗಲ ಬಿಸಿಲಿನ ಪ್ರಖರತೆ ಸುಮಾರು 1 ಲಕ್ಷ ಲಕ್ಸ್. ಸೋಫಾದ ಪಕ್ಕದಲ್ಲಿ ಕೆಲವು ನೂರು ಸಿಕ್ಕರೆ ಪುಣ್ಯ. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಈ ವ್ಯತ್ಯಾಸ ನಮಗೆ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ಬೆಳಕು ಕಡಿಮೆಯಾದರೆ ಅದರ ಅಡುಗೆಯೂ ಕಡಿಮೆ, ನೀರಿನ ಖರ್ಚೂ ಕಡಿಮೆ. ಗದ್ದೆಯಲ್ಲಿ ದುಡಿದು ಬಂದವನ ಮುದ್ದೆಯನ್ನು ಕುರ್ಚಿಯಲ್ಲಿ ಕೂತವನಿಗೆ ಬಡಿಸಿದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ಮೇಲಾಗಿ ಈ ನೆಂಟರಲ್ಲಿ ಕೆಲವರು ಬರ ಕಂಡ ಊರಿನವರು. ಝೀಝೀ ಗಿಡದ ತವರು ಪೂರ್ವ ಆಫ್ರಿಕಾ. ಮಳೆಯಿಲ್ಲದ ತಿಂಗಳುಗಳಿಗೆಂದೇ ಅದು ಮಣ್ಣಿನೊಳಗೆ ಆಲೂಗಡ್ಡೆಯಂಥ ಗೆಡ್ಡೆಗಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಸ್ವಂತ ಟ್ಯಾಂಕ್ ಇಟ್ಟುಕೊಂಡೇ ಬಂದ ನೆಂಟನಿಗೆ ದಿನಾ ಮೂರು ಹೊತ್ತು ನೀರು.

ಹಾಗಾದರೆ ಬಾಟಲಿಯ ನೀರಿನಲ್ಲೇ ಮುಳುಗಿರುವ ಮನಿ ಪ್ಲಾಂಟ್ ಹೇಗೆ ಬದುಕುತ್ತದೆ ಎಂದು ಯಾರಾದರೂ ಕೇಳಬಹುದು. ನೀರಿನಲ್ಲೇ ಹುಟ್ಟಿದ ಬೇರು ನೀರಿನಲ್ಲಿ ಕರಗಿದ ಆಮ್ಲಜನಕದಲ್ಲೇ ಸಂಸಾರ ತೂಗಿಸಲು ಕಲಿತಿರುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಮನಿ ಪ್ಲಾಂಟನ್ನು ಕದ್ದು ತಂದರೇ ಹಬ್ಬುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಪೆಸಿಫಿಕ್ ಸಾಗರದ ಮೊರೆಯಾ ದ್ವೀಪದಿಂದ ಹೊರಟ ಬಳ್ಳಿ ಕೈಯಿಂದ ಕೈಗೆ ಕಳುವಾಗುತ್ತಲೇ ಜಯನಗರಕ್ಕೆ ತಲುಪಿತು ಎಂದರೂ ನಂಬಬಹುದು. ಈ ನಂಬಿಕೆಯಲ್ಲಿ ನಿಜವಿದೆ ಎಂದೇ ನನ್ನ ಅಭಿಪ್ರಾಯ. ಕಾಸು ಕೊಟ್ಟಿಲ್ಲ, ಆದ್ದರಿಂದ ಆದರವೂ ಇಲ್ಲ. ಹಳೆಯ ಬಾಟಲಿಗೆ ಸಿಕ್ಕಿಸಿ ಫ್ರಿಜ್ಜಿನ ಮೇಲಿಟ್ಟು ಮರೆತುಬಿಡುತ್ತಾರೆ. ಮರೆತದ್ದರಿಂದ ಹಬ್ಬುತ್ತದೆ.

ಸಸ್ಯವತ್ಸಲರ ಬತ್ತಳಿಕೆಯ ಮುಖ್ಯ ಬಾಣ ಬೇರೆಯೇ: ‘ಮನೆಯ ಗಾಳಿ ಶುದ್ಧವಾಗುತ್ತದೆ, ನಾಸಾದವರೇ ಹೇಳಿದ್ದಾರೆ.’ ನಾಸಾ ಹೇಳಿದ್ದು ಸುಳ್ಳಲ್ಲ. 1989ರಲ್ಲಿ ವುಲ್ವರ್ಟನ್ ಎಂಬ ವಿಜ್ಞಾನಿ ಅಲ್ಲಿ ಮಾಡಿದ ಪ್ರಯೋಗದಲ್ಲಿ ಗಿಡಗಳು ಗಾಳಿಯೊಳಗಿನ ಬೆಂಜೀನ್‌ನಂಥ ಅನಿಲಗಳನ್ನು ತಗ್ಗಿಸಿದ್ದವು. ಆದರೆ ಪ್ರಯೋಗ ನಡೆದದ್ದು ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಕಿಟಕಿ ಬಾಗಿಲ ಸಂದಿನಲ್ಲಿ ಹೇಗೂ ಗಾಳಿಯಾಡುವ ಮನೆಯಲ್ಲಿ ಅದರ ಫಲವೆಷ್ಟು ಎಂದು 2019ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಕಮಿಂಗ್ಸ್ ಮತ್ತು ವೇರಿಂಗ್ ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದರು. ಬರೀ ಆ ಗಾಳಿಯಾಟಕ್ಕೆ ಸರಿಗಟ್ಟಲು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಂತೆ. 1,000 ಚದರ ಅಡಿಯ ಫ್ಲ್ಯಾಟ್ ಎಂದರೆ ಸುಮಾರು 93 ಚದರ ಮೀಟರ್. ತೀರ ಕಡಿಮೆಯೆಂದರೂ 930 ಕುಂಡ. ಮನೆಯವರು ಲಿಫ್ಟಿನ ಮುಂದೆ ಚಾಪೆ ಹಾಸಿಕೊಳ್ಳಬೇಕಾಗುತ್ತದೆ. ಕಿಟಕಿ ತೆರೆದರೆ ಮುಗಿಯುವ ಕೆಲಸ ಎನ್ನೋಣವೆಂದರೆ, ತೆರೆದರೆ ಸೊಳ್ಳೆ. ಸದಾ ಒದ್ದೆಯಿರುವ ಕುಂಡದ ಮಣ್ಣಿನಿಂದಲೇ ಎದ್ದು ಕಾಫಿ ಲೋಟದ ಸುತ್ತ ಹಾರಾಡುವ ಸಣ್ಣ ಕಪ್ಪು ನೊಣಗಳ ಬಗ್ಗೆ ಮಾತ್ರ ಯಾರೂ ಮಾತೆತ್ತುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಅಜ್ಜಿಯದು. ಅಜ್ಜಿ ತುಳಸಿಗೆ ದಿನವೂ ನೀರೆರೆಯುತ್ತಿರಲಿಲ್ಲವೇ? ಹಿತ್ತಲಿನ ಪೇಂಟ್ ಡಬ್ಬದ ದೊಡ್ಡಪತ್ರೆ ಎಂದಾದರೂ ಕೊಳೆಯಿತೇ? ಕೊಳೆಯಲಿಲ್ಲ, ಒಪ್ಪುತ್ತೇನೆ. ಅಂಗಳದಲ್ಲಿ ಬಿಸಿಲಿತ್ತು, ಡಬ್ಬ ತುಕ್ಕು ಹಿಡಿದು ತಾನೇ ತೂತು ಮಾಡಿಕೊಂಡಿತ್ತು. ಅದಕ್ಕಿಂತ ಹೆಚ್ಚಾಗಿ, ಅಜ್ಜಿಯ ಕಣ್ಣಿಗೆ ಆ ಗಿಡಗಳು ನೆಂಟರಾಗಿರಲಿಲ್ಲ, ಮನೆಯ ಸದಸ್ಯರಾಗಿದ್ದವು. ಅಂದರೆ ಕೆಲಸ ಮಾಡಬೇಕಿತ್ತು. ದೊಡ್ಡಪತ್ರೆಯನ್ನು ತಂಬುಳಿಗೆ ಕಿತ್ತು ಕಿತ್ತು ಬೋಳು ಮಾಡುತ್ತಿದ್ದಳು, ಅದು ಮತ್ತೆ ಚಿಗುರುತ್ತಿತ್ತು. ಕರಿಬೇವು ಒಗ್ಗರಣೆಗೆ, ದಾಸವಾಳ ದೇವರಿಗೆ, ಬಸಳೆ ಹುಳಿಗೆ. ಹೂಬಿಡದ ಗಿಡಕ್ಕೆ ‘ಮುಂದಿನ ಶ್ರಾವಣದವರೆಗೆ ನೋಡ್ತೀನಿ’ ಎಂಬ ಎಚ್ಚರಿಕೆ ಬಾಯಿಬಿಟ್ಟೇ ಸಿಗುತ್ತಿತ್ತು. ಈ ಗಿಡಗಳಿಗೆಲ್ಲ ಸುಸ್ತಾಗಲು ಪುರುಸೊತ್ತಿರಲಿಲ್ಲ. ಸಸ್ಯವತ್ಸಲರ ಮಾನ್‌ಸ್ಟೆರಾ ಎಲೆಯೊಂದನ್ನು ಯಾರಾದರೂ ಕಿತ್ತು ನೋಡಲಿ, ಮರುದಿನದಿಂದ ಲಿಫ್ಟಿನಲ್ಲಿ ಮಾತು ಬಂದ್.

ಉಳಿದದ್ದು, ‘ಯಾರಿಗೂ ತೊಂದರೆಯಿಲ್ಲದ ಹವ್ಯಾಸ, ಇರಲಿ ಬಿಡಿ’ ಎಂಬ ಮಾತು. ಇದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ. ಸ್ವಲ್ಪ ಕರುಣೆಯೇ ಇದೆ. ಹೇಳದೆ ಕೇಳದೆ ನೆಂಟರು ಬರುವ ಕಾಲ ಹೋಯಿತು. ಈಗ ಬರುವವರು ಮೊದಲೇ ಫೋನ್ ಮಾಡುತ್ತಾರೆ, ಗೇಟಿನಲ್ಲಿ ಹೆಸರು ಬರೆಸುತ್ತಾರೆ, ಕೂತ ಮೇಲೆ ‘ಶುಗರ್ ಇದೆ, ಕಾಫಿ ಬೇಡ’ ಎನ್ನುತ್ತಾರೆ. ಮಗ ಅಮೆರಿಕದಿಂದ ವಿಡಿಯೋ ಕಾಲ್‌ನಲ್ಲಿ ‘ಊಟ ಆಯ್ತಮ್ಮ’ ಎಂದರೆ ಮುಗಿಯಿತು, ಫೋನಿನೊಳಗೆ ಸೌಟು ಹೋಗುವುದಿಲ್ಲ. ತಲೆತಲಾಂತರದಿಂದ ಬಂದ ‘ಇನ್ನೊಂದು ಸ್ವಲ್ಪ ಹಾಕ್ಕೊಳ್ಳಿ’ ಎಂಬ ಆ ಒತ್ತಾಯ ಎಲ್ಲಿಗೆ ಹೋಗಬೇಕು? ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ವರ್ಷಕ್ಕೆರಡು ಬಾರಿ, ಜನವರಿಯಲ್ಲೂ ಆಗಸ್ಟ್‌ನಲ್ಲೂ, ನಡೆಯುವುದು ಈ ದೃಷ್ಟಿಯಿಂದ ದೊಡ್ಡ ಉಪಕಾರ. ಹಿಂದಿನ ಸಲದ ನೆಂಟರು ತೀರಿಕೊಳ್ಳುವ ಹೊತ್ತಿಗೆ ಹೊಸಬರು ಸಿಗುತ್ತಾರೆ.

ದಸರಾ ರಜೆಗೆ ಸಸ್ಯವತ್ಸಲರು ಹದಿನೈದು ದಿನ ಊರಿಗೆ ಹೋಗುತ್ತಾರೆ. ಎದುರು ಮನೆಯವರಿಗೆ ಕೀಲಿಕೈ ಕೊಟ್ಟು, ಯಾವ ಗಿಡಕ್ಕೆ ಎಷ್ಟು ಚೊಂಬು ಎಂಬ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿ, ಮೆಟ್ಟಿಲಿಳಿಯುವಾಗ ಇನ್ನೊಮ್ಮೆ ನೆನಪಿಸಿ ಹೊರಡುತ್ತಾರೆ. ಎದುರು ಮನೆಯವರು ಮರೆಯುತ್ತಾರೆ. ಮರಳಿ ಬಂದು ಬಾಗಿಲು ತೆರೆದರೆ ಝೀಝೀ ಗಿಡದ ಬುಡದಲ್ಲಿ ತಿಳಿಹಸಿರಿನ ಹೊಸ ಕುಡಿಯೊಂದು ನೆಟ್ಟಗೆ ನಿಂತಿದೆ. ‘ನಾವು ಇವತ್ತು ಬರ್ತೀವಿ ಅಂತ ಇವನಿಗೆ ಗೊತ್ತಾಗಿಬಿಟ್ಟಿದೆ ನೋಡ್ರೀ’ ಎನ್ನುತ್ತ, ಚೀಲ ಇಳಿಸುವ ಮೊದಲೇ ಅವರು ಚೊಂಬು ಹುಡುಕಲು ಅಡುಗೆಮನೆಗೆ ನಡೆಯುತ್ತಾರೆ.